ಗೋತೀರ್ಥದಲ್ಲಿ ಒಂದು ಹಗಲು

ಅತಿಥಿಯೆಂದರೆ ಯಾರು ಎಂಬ ಪ್ರಶ್ನೆಗೆ ಸ್ಮೃತಿಕಾರರು ಕೊಟ್ಟಿರುವ ಉತ್ತರವು ಬಹು ಸಂಕ್ಷಿಪ್ತವಾದುದು. ಪರರ ಮನೆಯಲ್ಲಿ ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ. ಅವನ ಇರವು ನಿತ್ಯವಲ್ಲದ್ದರಿಂದಲೇ ಅವನಿಗೆ ಆ ಹೆಸರು ಬಂದಿತೆಂದು ಅವರ ಅಭಿಪ್ರಾಯ. ಅಂತಹವನಿಗೆ ಗೃಹಸ್ಥನು ಆಸನವನ್ನೂ ನೀರನ್ನೂ ಅನ್ನವನ್ನೂ ಒಳ್ಳೆಯ ಮಾತನ್ನೂ ಕೊಡತಕ್ಕದ್ದೆಂದು ಧರ್ಮಶಾಸ್ತ್ರಗಳು ವಿಸ್ತಾರವಾಗಿ ವಿಧಿಸುತ್ತವೆ. ಆದರೆ ಅತಿಥಿಯು ಗೃಹಸ್ಥನಿಗೆ ಏನನ್ನು ಕೊಡತಕ್ಕದ್ದು ಎಂಬ ವಿಷಯದಲ್ಲಿ ಅವು ಅಷ್ಟು ವಿಸ್ತರಿಸುವುದಿಲ್ಲ. ಈ ಕಾಲದಲ್ಲಿಯೋ ಒಂದು ರಾತ್ರಿಯೂ ತಂಗದೆ, ಬೆಳಗ್ಗೆ ಬಂದು ಸಂಜೆ ಹೊರಟುಹೋಗುವ ಅತಿಥಿಗಳೇ ಹೆಚ್ಚು. ಅವರು ಬರುವುದು ಒಬ್ಬರ ಮನೆಗಲ್ಲ. ಒಂದು ಊರಿಗೆ, ಕೆಲವೊಮ್ಮೆ ಎಂಟು ನೂರು ವರ್ಷಗಳ ಪುರಾತನವಾದ ಒಂದು ಊರಿಗೆ. ಅಂತಹ ಅತಿಥಿಗೆ ಧರ್ಮವೆಂಬುದುಂಟೆ? ಉಂಟಾದರೆ ಅದು ಯಾವುದು?

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಲಂಡನ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಮೈಸೂರಿನಿಂದ ವೃದ್ಧರಾದ ತಂದೆತಾಯಿಗಳು ಬಂದಿರುತ್ತಾರೆ. ಆಕ್ಸ್‌ಫರ್ಡನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ತಂದೆಗೆ ಬಹುಕಾಲದ ಆಶೆ. ಮಗನಿಗೆ ದೊರೆತಿರುವುದು ಒಂದೇ ದಿನದ ರಜೆ. ಮತ್ತೊಮ್ಮೆ ಅಷ್ಟು ದೂರ ಬರುವ ವಯಸ್ಸು ಆ ದಂಪತಿಗಳದಲ್ಲ. ಮಗನು ರಾತ್ರಿ ಕುಳಿತು ಮರುದಿನದ ಕಾರ್ಯಕ್ರಮವನ್ನು ಬರೆಯುತ್ತಾನೆ. ಪ್ಯಾಡಿಂಗ್ಟನ್ ನಿಲ್ದಾಣದಿಂದ ಬೆಳಗಿನ ರೈಲು. ಸುಮಾರು ಒಂದು ಗಂಟೆಯ ಪ್ರಯಾಣ. ಇಳಿದೊಡನೆ ಒಂದು ಕಾಲೇಜು, ಅರ್ಧ ಗಂಟೆಯ ತರುವಾಯ ಇನ್ನೊಂದು, ಅನಂತರ ಪುಸ್ತಕಭಾಂಡಾರ, ಗೋಪುರ, ವಸ್ತುಸಂಗ್ರಹಾಲಯ, ಮತ್ತೆ ಕಾಲೇಜು. ಬರೆದುದನ್ನು ಓದಿ ಹೇಳಲು, ತಾಯಿ ಎಲ್ಲವನ್ನೂ ಕೇಳಿ, "ಅಲ್ಲಪ್ಪ, ಇದರಲ್ಲಿ ನಿಮ್ಮ ತಂದೆ ಕೂತುಕೊಳ್ಳುವುದು ಯಾವಾಗ?" ಎನ್ನುತ್ತಾಳೆ. ಆ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿಲ್ಲ.

ಇಲ್ಲಿ ಮೂರು ಪಕ್ಷಗಳು ಹುಟ್ಟುತ್ತವೆ. ಇರುವುದೊಂದೇ ದಿನವಾದ್ದರಿಂದ ಆದಷ್ಟನ್ನೂ ನೋಡಿಬಿಡಬೇಕು ಎಂಬುದು ಮೊದಲನೆಯದು. ಇದು ಮಗನ ಪಕ್ಷ. ಒಂದು ದಿನದಲ್ಲಿ ಇಂತಹ ಊರು ತಿಳಿಯುವುದಿಲ್ಲ, ತಿಳಿಯದೆ ನೋಡುವುದರಿಂದ ಪ್ರಯೋಜನವಿಲ್ಲ, ಆದಕಾರಣ ಮನೆಯಲ್ಲಿಯೇ ಕುಳಿತು ಒಳ್ಳೆಯ ಪುಸ್ತಕವನ್ನೋದುವುದು ಮೇಲು ಎಂಬುದು ಎರಡನೆಯದು. ಇದು ಅನೇಕ ಪಂಡಿತರ ಪಕ್ಷ. ಒಂದೆರಡನ್ನು ಆರಿಸಿಕೊಂಡು ಅವುಗಳನ್ನೇ ನಿಧಾನವಾಗಿ ನೋಡಬೇಕು ಎಂಬುದು ಮೂರನೆಯದು. ಕೇಳಿದ ಕೂಡಲೆ ಮೂರನೆಯದೇ ಸರಿಯೆಂದು ತೋರುವುದು ಸಹಜ. ಆದರೆ ತೋರಿದ ಮಾತ್ರಕ್ಕೆ ಒಪ್ಪುವುದು ವಿಚಾರವಲ್ಲ. ಸ್ವಲ್ಪವನ್ನು ನೋಡಿದವನು ಸ್ವಲ್ಪವನ್ನಷ್ಟೇ ಕಂಡನೋ ಅಥವಾ ಆ ಸ್ವಲ್ಪದ ಮೂಲಕ ಸಮಸ್ತವನ್ನೂ ಕಂಡನೋ ಎಂಬುದು ಇತ್ಯರ್ಥವಾಗದೆ ಆ ಪಕ್ಷವೂ ನಿಲ್ಲುವುದಿಲ್ಲ.

ಮೊದಲನೆಯ ಪಕ್ಷದ ಬಲಾಬಲವನ್ನು ಲೆಕ್ಕವೇ ಹೇಳುತ್ತದೆ. ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಸುಮಾರು 40 ಕಾಲೇಜುಗಳಿವೆ. ಬೆಳಗ್ಗೆ ಒಂಬತ್ತಕ್ಕೆ ಇಳಿದು ಸಂಜೆ ಆರಕ್ಕೆ ಹಿಂದಿರುಗುವವನಿಗೆ ಊಟದ ಹೊತ್ತನ್ನು ಕಳೆದರೆ ಉಳಿಯುವುದು ಎಂಟು ಗಂಟೆ, ಎಂದರೆ 480 ನಿಮಿಷ. ಹಂಚಿದರೆ ಕಾಲೇಜೊಂದಕ್ಕೆ ಹನ್ನೆರಡು ನಿಮಿಷ. ನಡಿಗೆಯ ಕಾಲ ಇದರಲ್ಲಿಯೇ ಸೇರಬೇಕು. ಹೀಗೆ ನೋಡಿದವನು ಸಂಜೆ ಮನೆಗೆ ತರುವುದು ನಲವತ್ತು ಹೆಬ್ಬಾಗಿಲುಗಳ ನೆನಪನ್ನೇ ಹೊರತು ಬೇರೆಯಲ್ಲ. ಮೂರು ದಿನಗಳ ಮೇಲೆ ಯಾವ ಬಾಗಿಲು ಯಾವುದರದೆಂಬುದೂ ಮರೆತುಹೋಗುವುದು. ಇಷ್ಟಾದರೂ ಈ ಪಕ್ಷವನ್ನು ಹಾಸ್ಯಮಾಡಿ ತಳ್ಳುವುದು ಉಚಿತವಲ್ಲ. ಅದರ ಬೇರಿನಲ್ಲಿ ಲೋಭವಷ್ಟೇ ಇಲ್ಲ, ಪ್ರೀತಿಯೂ ಇದೆ. ತಂದೆಯು ಮತ್ತೆ ಬರಲಾರನೆಂದು ಬಲ್ಲ ಮಗನು ಏನೊಂದನ್ನೂ ಬಿಡಲೊಲ್ಲನು.

ಆ ಪ್ರೀತಿಗೆ ಬೆಂಬಲವಾಗಿ ಸ್ಥಾಲೀಪುಲಾಕ ನ್ಯಾಯವನ್ನು ಹೇಳುವವರುಂಟು. ಪಾತ್ರೆಯಲ್ಲಿ ಬೇಯುವ ಅನ್ನದ ಒಂದಗುಳನ್ನು ಹಿಸುಕಿ ನೋಡಿದರೆ ಉಳಿದುದೆಲ್ಲವೂ ಬೆಂದಿತೋ ಇಲ್ಲವೋ ತಿಳಿಯುವಂತೆ, ಒಂದು ಕಾಲೇಜನ್ನು ಕಂಡರೆ ಎಲ್ಲವನ್ನೂ ಕಂಡಂತೆ ಎಂದು ಅವರ ವಾದ. ಆದರೆ ಈ ನ್ಯಾಯವು ಪ್ರವರ್ತಿಸುವುದಕ್ಕೆ ಒಂದು ನಿಯಮವುಂಟು: ಪಾತ್ರೆಯು ಒಂದೇ, ಉರಿಯು ಒಂದೇ, ಅಕ್ಕಿಯನ್ನು ಇಟ್ಟ ಕಾಲವೂ ಒಂದೇ ಆಗಿರಬೇಕು. ಆಕ್ಸ್‌ಫರ್ಡ್ ಅಂತಹ ಪಾತ್ರೆಯಲ್ಲ. ಅಲ್ಲಿ ಪಾಠಪ್ರವಚನವು 1096ರ ವೇಳೆಗಾಗಲೆ ಯಾವುದೋ ರೂಪದಲ್ಲಿ ನಡೆಯುತ್ತಿತ್ತು. 1167ರ ಸುಮಾರಿನಲ್ಲಿ ಎರಡನೆಯ ಹೆನ್ರಿ ದೊರೆಯು ಆಂಗ್ಲ ವಿದ್ಯಾರ್ಥಿಗಳು ಪ್ಯಾರಿಸ್ಸಿಗೆ ಹೋಗಕೂಡದೆಂದು ತಡೆದುದರಿಂದ ಅದು ಬೇಗನೆ ಬೆಳೆಯಿತು. ಮರ್ಟನ್ ಕಾಲೇಜು 1264ರಲ್ಲಿ ಸ್ಥಾಪಿತವಾದುದು. ಸುಣ್ಣಕಲ್ಲಿನ ಗೋಡೆಗಳಿಂದ ಕಟ್ಟಿದ ಅದರ ಹಳೆಯ ತೊಟ್ಟಿಯು ಇಂದಿಗೂ ಇದೆ. ಕೀಬಲ್ ಕಾಲೇಜು 1870ರದು. ಬಣ್ಣಬಣ್ಣದ ಇಟ್ಟಿಗೆಯ ಕಟ್ಟಡ. ಎರಡಕ್ಕೂ ನಡುವೆ ಆರು ನೂರು ವರ್ಷಗಳ ಅಂತರ. ಒಂದಗುಳಿನಿಂದ ಇನ್ನೊಂದನ್ನು ಊಹಿಸುವಂತಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯೇಳುತ್ತದೆ. ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಗಿಲ್ಬರ್ಟ್ ರೈಲ್ ಎಂಬಾತನು ಮನಸ್ಸಿನ ಸ್ವರೂಪವನ್ನು ಕುರಿತು 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಬ್ಬ ಪರದೇಶಿಯ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಆ ಪರದೇಶಿಗೆ ಕಾಲೇಜುಗಳನ್ನೂ ಪುಸ್ತಕಭಾಂಡಾರಗಳನ್ನೂ ಆಟದ ಬಯಲುಗಳನ್ನೂ ಕಚೇರಿಗಳನ್ನೂ ತೋರಿಸುತ್ತಾರೆ. ಎಲ್ಲವನ್ನೂ ನೋಡಿದ ಮೇಲೆ ಅವನು, ಇವೆಲ್ಲ ಸರಿ, ವಿಶ್ವವಿದ್ಯಾಲಯವೆಲ್ಲಿ, ಅದನ್ನೇಕೆ ತೋರಿಸಲಿಲ್ಲ ಎಂದು ಕೇಳುತ್ತಾನೆ. ಇವೆಲ್ಲವೂ ಒಂದು ವ್ಯವಸ್ಥೆಯಲ್ಲಿ ಸೇರಿಕೊಂಡಿರುವ ಬಗೆಯೇ ವಿಶ್ವವಿದ್ಯಾಲಯವೆಂದೂ, ಇವುಗಳ ಪಕ್ಕದಲ್ಲಿ ನಿಲ್ಲುವ ಮತ್ತೊಂದು ಕಟ್ಟಡವಲ್ಲವೆಂದೂ ಆತನಿಗೆ ತಿಳಿಯಹೇಳಬೇಕಾಗುತ್ತದೆ. ರೈಲನು ಈ ದೃಷ್ಟಾಂತವನ್ನು ಕೊಟ್ಟುದು ಬೇರೊಂದು ಸಿದ್ಧಾಂತಕ್ಕಾಗಿ. ಆದರೆ ಒಂದು ದಿನದ ಪ್ರಯಾಣಿಕನಿಗೆ ಅದು ದೃಷ್ಟಾಂತವಾಗಿಯಲ್ಲ, ಯಥಾರ್ಥವಾಗಿಯೇ ಒದಗುವ ತೊಡಕು.

ಭಾರತೀಯರಿಗೆ ಈ ತೊಡಕು ಹೊಸದಲ್ಲ. ನಾಗಸೇನಭಿಕ್ಷುವು ಮಿಲಿಂದರಾಜನನ್ನು ರಥವೆಂದರೆ ಯಾವುದು, ಅಚ್ಚೆ, ಗಾಲಿಯೆ, ನೊಗವೆ ಎಂದು ಕೇಳಿದನು. ಇವು ಯಾವುವೂ ರಥವಲ್ಲ, ಇವುಗಳ ಕೂಟಕ್ಕೆ ರಥವೆಂಬುದು ಕೇವಲ ಹೆಸರು ಎಂಬ ನಿಲುವಿಗೆ ರಾಜನನ್ನು ತಂದನು. ನೈಯಾಯಿಕರು ಹಾಗೆ ಒಪ್ಪಲಿಲ್ಲ. ಅವಯವಗಳಲ್ಲಿ ಅವುಗಳಿಗಿಂತ ಬೇರೆಯಾದ ಅವಯವಿಯು ಸಮವಾಯಸಂಬಂಧದಿಂದ ನಿಜವಾಗಿಯೇ ಇರುತ್ತದೆ ಎಂದು ಅವರು ಸಾಧಿಸಿದರು. ಅಷ್ಟೇ ಅಲ್ಲ, ಮರದ ಈಚೆಯ ಭಾಗವನ್ನು ಕಂಡವನು ಆಚೆಯ ಭಾಗವನ್ನು ಊಹಿಸಿ ಮರವೆನ್ನುವುದಿಲ್ಲ, ಕಂಡ ಭಾಗದಲ್ಲಿ ಮರವನ್ನೇ ಪ್ರತ್ಯಕ್ಷವಾಗಿ ಕಾಣುತ್ತಾನೆ ಎಂದರು. ಈ ಮಾತು ದಿಟವಾದರೆ ಒಂದು ಹಗಲಿನ ಅತಿಥಿಗೆ ದೊಡ್ಡ ಸಮಾಧಾನವುಂಟು: ಒಂದು ಅಂಗಳವನ್ನು ಕಂಡರೂ ಅವನು ಆಕ್ಸ್‌ಫರ್ಡನ್ನೇ ಕಂಡಂತಾಯಿತು.

ಆದರೆ ಕುರುಡರೂ ಆನೆಯ ಒಂದೊಂದು ಭಾಗವನ್ನು ಮುಟ್ಟಿದವರೇ. ಅವರು ಆನೆಯನ್ನು ಅರಿತರೆಂದು ಯಾರೂ ಹೇಳುವುದಿಲ್ಲ. ಮರವನ್ನು ಕಂಡವನಿಗೂ ಆನೆಯನ್ನು ಮುಟ್ಟಿದವರಿಗೂ ಭೇದವೆಲ್ಲಿ? ಮರದ ಈಚೆಯ ಭಾಗವನ್ನು ನೋಡುವವನು ಅದು ಭಾಗವೆಂದು ಬಲ್ಲನು. ಕಾಣದ ಆಚೆಯ ಭಾಗವಿದೆಯೆಂಬ ಅರಿವು ಅವನ ನೋಟದಲ್ಲಿಯೇ ಸೇರಿದೆ. ಕಾಲನ್ನು ತಬ್ಬಿದ ಕುರುಡನಾದರೋ ಆನೆಯೆಂದರೆ ಕಂಬವೆಂದನು. ಅವನ ದೋಷವು ಸ್ವಲ್ಪವನ್ನು ಮುಟ್ಟಿದುದಲ್ಲ. ಸ್ವಲ್ಪವನ್ನೇ ಸಮಸ್ತವೆಂದು ಭಾವಿಸಿದುದು. ಭಾಗವನ್ನು ಭಾಗವೆಂದೇ ಅರಿತು ನೋಡುವವನಿಗೆ ಸಮಸ್ತವೂ ಸ್ವಲ್ಪಮಟ್ಟಿಗೆ ಗೋಚರಿಸುವುದು. ಭಾಗವನ್ನೇ ಸಮಸ್ತವೆಂದು ನೋಡುವವನಿಗೆ ಭಾಗವೂ ಸರಿಯಾಗಿ ಗೋಚರಿಸುವುದಿಲ್ಲ. ಇದು ಜ್ಞಾನದ ವಿಷಯವಾದ ಮಾತಷ್ಟೇ ಅಲ್ಲ, ಶೀಲದ ಮಾತೂ ಹೌದು. ಏಕೆಂದರೆ ಕಾಣದಿರುವುದಕ್ಕೆ ಎಡೆಯಿಟ್ಟು ನೋಡಬೇಕಾದರೆ ವಿನಯವು ಬೇಕು.

ಹಾಗಾದರೆ ಆರಿಸುವುದು ಹೇಗೆ? ಇದಕ್ಕೆ ಅರುಂಧತೀದರ್ಶನ ನ್ಯಾಯವು ದಾರಿಯನ್ನು ತೋರಿಸುತ್ತದೆ. ನವವಧುವಿಗೆ ಸೂಕ್ಷ್ಮವಾದ ಅರುಂಧತೀ ನಕ್ಷತ್ರವನ್ನು ತೋರಿಸಬೇಕಾದವನು ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸಿ, ಅಲ್ಲಿಂದ ಅವಳ ದೃಷ್ಟಿಯನ್ನು ಮೆಲ್ಲಗೆ ಸರಿಸುತ್ತಾನೆ. ಕಣ್ಣಿಗೆ ಎದ್ದು ಕಾಣುವುದರಿಂದ ಕಾಣದುದರೆಡೆಗೆ ಕರೆದೊಯ್ಯುವಂತಹ ನಾಲ್ಕಾರು ಎಡೆಗಳನ್ನು ಆರಿಸಿದರೆ ಕಾರ್ಯಕ್ರಮವು ಸಾರ್ಥಕವಾಗುವುದು.

ಬಾಡ್ಲಿಯನ್ ಪುಸ್ತಕಭಾಂಡಾರವು ಅಂತಹ ಒಂದು ಎಡೆ. ಅದರ ಹಳೆಯ ಶಾಲೆಯು 1488ರಲ್ಲಿ ಹಂಫ್ರಿ ಎಂಬ ರಾಜಬಂಧುವಿನ ಗ್ರಂಥಗಳಿಗಾಗಿ ತೆರೆಯಿತು. ಮತಸುಧಾರಣೆಯ ಗಲಭೆಯಲ್ಲಿ, 1550ರಲ್ಲಿ, ಆ ಗ್ರಂಥಗಳನ್ನು ಹೊರಹಾಕಿದರು. ಬಳಿಕ ಪೀಠೋಪಕರಣಗಳನ್ನೂ ಮಾರಿದರು. ವಿದ್ಯೆಗೆ ಹೆಸರಾದ ಊರಿನಲ್ಲಿ ಸುಮಾರು ಅರ್ಧ ಶತಮಾನ ಪುಸ್ತಕಶಾಲೆಯು ಬರಿದಾಗಿ ನಿಂತಿತ್ತು. ಥಾಮಸ್ ಬಾಡ್ಲಿಯು ತನ್ನ ಧನವನ್ನೂ ಮುಪ್ಪನ್ನೂ ಅದಕ್ಕೆ ವಿನಿಯೋಗಿಸಿ 1602ರಲ್ಲಿ ಮತ್ತೆ ತೆರೆಸಿದನು. ಅಲ್ಲಿ ಓದಬಯಸುವವರು ಪುಸ್ತಕವನ್ನು ಕೆಡಿಸುವುದಿಲ್ಲ, ಒಳಗೆ ಬೆಂಕಿಯನ್ನು ತರುವುದಿಲ್ಲ, ಹೊತ್ತಿಸುವುದಿಲ್ಲ ಎಂದು ಇಂದಿಗೂ ಪ್ರತಿಜ್ಞೆಯನ್ನು ಮಾಡಬೇಕು. ಪುಸ್ತಕವು ಹೊರಗೆ ಹೋಗಕೂಡದೆಂಬ ಕಟ್ಟಳೆಯಂತೂ ರಾಜರಿಗೂ ಅನ್ವಯಿಸಿತು. ಅಂತರ್ಯುದ್ಧದ ಕಾಲದಲ್ಲಿ ಮೊದಲನೆಯ ಚಾರ್ಲ್ಸ್ ದೊರೆಗೆ ಆಕ್ಸ್‌ಫರ್ಡೇ ರಾಜಧಾನಿಯಾಗಿತ್ತು. ಆತನು 1645ರಲ್ಲಿ ಒಂದು ಪುಸ್ತಕವನ್ನು ತರಿಸಿಕೊಳ್ಳಬಯಸಿದಾಗ ಭಾಂಡಾರಿಯು ಕಟ್ಟಳೆಯನ್ನು ತೋರಿಸಿ ಕೊಡಲಾಗದೆಂದನು, ದೊರೆಯೂ ಒಪ್ಪಿಕೊಂಡನು. ಆ ದೊರೆಯನ್ನು ಕೆಡವಿ ಅಧಿಕಾರವನ್ನು ಹಿಡಿದ ಕ್ರಾಮ್‌ವೆಲ್ಲನಿಗೂ 1654ರಲ್ಲಿ ಅದೇ ಉತ್ತರವು ಬಂದಿತು. ಮುಂಚಿತವಾಗಿ ಚೀಟಿಯನ್ನು ಪಡೆದು ಮಾರ್ಗದರ್ಶಕನೊಡನೆ ಆ ಶಾಲೆಯೊಳಗೆ ಅರ್ಧ ಗಂಟೆ ನಿಲ್ಲುವವನಿಗೆ ಕಾಣುವುದು ಮರದ ಮಾಡು, ಹಳೆಯ ಕಪಾಟುಗಳು. ಅಲ್ಲಿಂದ ದೃಷ್ಟಿಯು ಸರಿಯಬೇಕಾದುದು ಅಧಿಕಾರಕ್ಕೆ ಮಣಿಯದ ಒಂದು ನಿಯಮದ ಕಡೆಗೆ.

ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ, ಬೇಲಿಯಲ್ ಕಾಲೇಜಿನ ಮುಂದೆ, ನೆಲದಲ್ಲಿ ಕಲ್ಲುಗಳಿಂದ ಮಾಡಿದ ಒಂದು ಶಿಲುಬೆಯ ಗುರುತಿದೆ. ಜನರು ಅದರ ಮೇಲೆ ನಡೆದುಹೋಗುತ್ತಾರೆ. 1555ರ ಅಕ್ಟೋಬರ್ 16ರಂದು ಲ್ಯಾಟಿಮರ್, ರಿಡ್ಲಿ ಎಂಬ ಇಬ್ಬರು ಧರ್ಮಾಧಿಕಾರಿಗಳನ್ನೂ, ಮರುವರ್ಷ ಮಾರ್ಚಿ 21ರಂದು ಕ್ರ್ಯಾನ್ಮರ್ ಎಂಬ ಮಹಾಧರ್ಮಾಧ್ಯಕ್ಷನನ್ನೂ ತಮ್ಮ ಮತವನ್ನು ಬಿಡದಿದ್ದುದಕ್ಕಾಗಿ ಆ ಸ್ಥಳದ ಬಳಿ ಜೀವಸಹಿತ ಸುಟ್ಟರು. ಕ್ರ್ಯಾನ್ಮರನು ಭಯದಿಂದ ಮೊದಲು ತನ್ನ ಮತವನ್ನು ಬಿಟ್ಟೆನೆಂದು ರುಜುಹಾಕಿದ್ದನು. ಕೊನೆಯ ದಿನ ಆ ರುಜುವನ್ನು ಅಲ್ಲಗಳೆದು, ಅದನ್ನು ಹಾಕಿದ ಬಲಗೈಯನ್ನೇ ಮೊದಲು ಉರಿಗೆ ಚಾಚಿದನೆಂದು ಚರಿತ್ರಕಾರರು ಬರೆದಿದ್ದಾರೆ. ಒಳಗೆ ಬೆಂಕಿಯನ್ನು ತರುವುದಿಲ್ಲವೆಂದು ಓದುಗರಿಂದ ಪ್ರತಿಜ್ಞೆ ಮಾಡಿಸುವ ಊರಿನ ಬೀದಿಯಲ್ಲಿಯೇ ವಿದ್ವಾಂಸರನ್ನು ಬೆಂಕಿಗೆ ಕೊಟ್ಟರು. ಎರಡು ಎಡೆಗಳಿಗೂ ನಡುವೆ ಕೆಲವೇ ನಿಮಿಷಗಳ ನಡಿಗೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟವನು ಕುರುಡನಂತೆ ಆನೆಯ ಕಾಲನ್ನೋ ಕಿವಿಯನ್ನೋ ಹಿಡಿದವನಾಗುತ್ತಾನೆ.

ಅತಿಥಿಯ ಧರ್ಮದಲ್ಲಿ ಸತ್ಯವೂ ಒಂದು ಅಂಗ. ಉಂಡ ಮನೆಯನ್ನು ನಿಂದಿಸಕೂಡದೆಂಬುದು ಲೋಕರೂಢಿ. ಆದರೆ ಉಂಡ ಮನೆಯನ್ನು ಸುಳ್ಳಾಗಿ ಹೊಗಳಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಆಶ್ಮೋಲಿಯನ್ ವಸ್ತುಸಂಗ್ರಹಾಲಯವು 1967ರಲ್ಲಿ ಲಂಡನ್ನಿನ ಹರಾಜಿನಲ್ಲಿ ತಿರುಮಂಗೈ ಆಳ್ವಾರರ ಕಂಚಿನ ವಿಗ್ರಹವೊಂದನ್ನು ಕೊಂಡುಕೊಂಡಿತು. ಅದೇ ವಿಗ್ರಹವು ಕುಂಭಕೋಣದ ಬಳಿಯ ಸೌಂದರರಾಜ ಪೆರುಮಾಳ್ ದೇವಾಲಯದಲ್ಲಿದ್ದುದಕ್ಕೆ 1957ರಲ್ಲಿ ತೆಗೆದ ಛಾಯಾಚಿತ್ರವು ಸಾಕ್ಷಿಯಾಗಿ ದೊರೆಯಿತು. 2024ರಲ್ಲಿ ವಿಶ್ವವಿದ್ಯಾಲಯದ ಮಂಡಳಿಯು ಭಾರತದ ಕೋರಿಕೆಯನ್ನು ಮನ್ನಿಸಿ ವಿಗ್ರಹವನ್ನು ಹಿಂದಿರುಗಿಸಲು ಸಮ್ಮತಿಸಿತು. ದೇವರ ಕೈಂಕರ್ಯಕ್ಕೆ ಹಣ ಸಾಲದೆ ದಾರಿಗಳ್ಳತನಕ್ಕಿಳಿದವರೆಂದು ಆ ಆಳ್ವಾರರ ಕಥೆಯುಂಟು. ಅವರ ವಿಗ್ರಹವೇ ಕಳವಾಗಿ ಸಮುದ್ರವನ್ನು ದಾಟಿದುದು ಕಥೆಯನ್ನು ಬಲ್ಲವರಿಗೆ ವಿಚಿತ್ರವೆಂದು ತೋರುವುದು. ಇಲ್ಲಿ ಅತಿಥಿಯು ಕಾಣಬೇಕಾದುವು ಎರಡು: ಆಗಿದ್ದ ಅನ್ಯಾಯ, ಆಮೇಲೆ ಅದನ್ನು ಒಪ್ಪಿಕೊಂಡ ವಿವೇಕ.

ಓರಿಯಲ್ ಕಾಲೇಜಿನ 1911ರ ಕಟ್ಟಡದ ಮೇಲೆ ಸೆಸಿಲ್ ರೋಡ್ಸನ ಪ್ರತಿಮೆಯಿದೆ. ಆಫ್ರಿಕದ ದಕ್ಷಿಣಭಾಗದ ಜನರ ಭೂಮಿಯನ್ನೂ ಗಣಿಗಳನ್ನೂ ವಶಪಡಿಸಿಕೊಂಡು ಧನಿಕನಾದವನು ಈತ. ಪ್ರತಿಮೆಯನ್ನು ತೆಗೆಯಬೇಕೆಂದು 2015ರಿಂದ ವಿದ್ಯಾರ್ಥಿಗಳು ಒತ್ತಾಯಪಡಿಸಿದರು. ತೆಗೆಯಬೇಕೆಂಬ ಇಚ್ಛೆಯನ್ನು 2020ರಲ್ಲಿ ಪ್ರಕಟಿಸಿದ ಕಾಲೇಜು ಮರುವರ್ಷ ಉಳಿಸಿಕೊಳ್ಳುವುದೆಂದು ನಿರ್ಧರಿಸಿತು. ಅದೇ ರೋಡ್ಸನು 1902ರಲ್ಲಿ ಮಡಿದಾಗ ಬಿಟ್ಟ ದ್ರವ್ಯದಿಂದ ನಡೆಯುವ ವಿದ್ಯಾರ್ಥಿವೇತನವನ್ನು ಪಡೆದು, ಕನ್ನಡದ ನಾಟಕಕಾರರಾದ ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು; ಅಲ್ಲಿನ ಯೂನಿಯನ್ ಎಂಬ ಪ್ರಸಿದ್ಧ ವಾದಸಭೆಗೆ ಅಧ್ಯಕ್ಷರೂ ಆದರು. ಅನ್ಯಾಯದಿಂದ ಬಂದ ಧನವು ವಿದ್ಯೆಯಾಗಿ ಪರಿಣಮಿಸಿದರೆ ಅನ್ಯಾಯವು ತೊಳೆದುಹೋಗುವುದೆ? ಹೋಗುವುದಿಲ್ಲ. ಹಾಗೆಂದು ಆ ವಿದ್ಯೆಯು ಅನ್ಯಾಯವಾಗುವುದೆ? ಅದೂ ಇಲ್ಲ. ಕೊಟ್ಟವನ ಪಾಪವು ಪಡೆದವನದಲ್ಲ. ಆದರೆ ಅದನ್ನು ಮರೆಯದಿರುವ ಹೊಣೆಯು ಪಡೆದವನಿಗುಂಟು. ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡುವ ತಂದೆಯು ಇಷ್ಟನ್ನು ಮಗನೊಡನೆ ಆಡಿದರೆ ಒಂದು ಕಾಲೇಜಿನ ಒಳಗೆ ಹೋಗದಿದ್ದರೂ ನಷ್ಟವಿಲ್ಲ.

ಈಗ ಎರಡನೆಯ ಪಕ್ಷ, ಎಂದರೆ ಹೋಗದೆ ಓದುವುದೇ ಮೇಲೆಂಬುದು, ಉಳಿಯಿತು. ಇದಕ್ಕೆ ಆ ಊರಿನಲ್ಲಿಯೇ ಒಂದು ದೊಡ್ಡ ಆಧಾರವಿದೆ. ಜರ್ಮನಿಯಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ನೆಲಸಿದ ಮ್ಯಾಕ್ಸ್ ಮುಲ್ಲರ್ ಪಂಡಿತರು 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಸಾಯಣಭಾಷ್ಯಸಹಿತವಾದ ಋಗ್ವೇದವನ್ನು ಪ್ರಕಟಿಸಿದರು. ಆ ಗ್ರಂಥದಲ್ಲಿ ಅವರು ತಮ್ಮನ್ನು ಮೋಕ್ಷಮೂಲರಭಟ್ಟನೆಂದೂ ಗೋತೀರ್ಥನಿವಾಸಿಯೆಂದೂ ಸಂಸ್ಕೃತದಲ್ಲಿ ಕರೆದುಕೊಂಡಿದ್ದಾರೆ. ಎತ್ತುಗಳು ಹೊಳೆಯನ್ನು ದಾಟುವ ಕಡವು ಎಂಬುದು ಆಕ್ಸ್‌ಫರ್ಡ್ ಶಬ್ದದ ಅರ್ಥ. ತೀರ್ಥವೆಂದರೂ ಮೂಲದಲ್ಲಿ ದಾಟುವ ಎಡೆಯೇ. ಸಾಯಣಾಚಾರ್ಯರು ವಿಜಯನಗರದಲ್ಲಿ ಬುಕ್ಕರಾಯನ ಆಶ್ರಯದಲ್ಲಿ ಭಾಷ್ಯಕಾರ್ಯವನ್ನು ನಡೆಸುತ್ತಿದ್ದ ಕಾಲವೂ, ಮರ್ಟನ್ ಕಾಲೇಜಿನವರು ತಮ್ಮ ಪುಸ್ತಕಶಾಲೆಯ ಕಟ್ಟಡವನ್ನು ಆರಂಭಿಸಿದ 1373ನೆಯ ಇಸವಿಯೂ ಒಂದೇ ತಲೆಮಾರಿನವು. ತುಂಗಭದ್ರೆಯ ದಡದ ಆ ಭಾಷ್ಯವು ಐದು ನೂರು ವರ್ಷಗಳ ತರುವಾಯ ಥೇಮ್ಸ್ ನದಿಯ ದಡದಲ್ಲಿ ಮುದ್ರಣಕ್ಕೆ ಸಿದ್ಧವಾಯಿತು. ಆದರೂ ಅದನ್ನು ಸಿದ್ಧಪಡಿಸಿದ ಮುಲ್ಲರ್ ಪಂಡಿತರು ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ಭಾರತಕ್ಕೆ ಬರಲಿಲ್ಲ. ನೋಡದೆಯೇ ಅಷ್ಟು ತಿಳಿಯಬಹುದಾದರೆ ನೋಡುವುದೇಕೆ?

ಇದಕ್ಕೆ ಸಮಾಧಾನವು ಅವರ ಮನೆಯಲ್ಲಿಯೇ ದೊರೆಯುತ್ತದೆ. 1896ರ ಮೇ 28ರಂದು ಸ್ವಾಮಿ ವಿವೇಕಾನಂದರು ಲಂಡನ್ನಿನಿಂದ ಹೊರಟು ಆಕ್ಸ್‌ಫರ್ಡಿಗೆ ಹೋಗಿ, ಅಂದೇ ಹಿಂದಿರುಗಿದರು. ಎಪ್ಪತ್ತೆರಡು ವರ್ಷಗಳ ಆ ಪಂಡಿತರು ಅವರಿಗೆ ಊಟವನ್ನಿಕ್ಕಿ, ಕೆಲವು ಕಾಲೇಜುಗಳನ್ನೂ ಬಾಡ್ಲಿಯನ್ ಭಾಂಡಾರವನ್ನೂ ತಾವೇ ತೋರಿಸಿದರು. ರಾತ್ರಿ ಗಾಳಿಮಳೆಯೆದ್ದಿದ್ದರೂ ಅವರನ್ನು ಬೀಳ್ಕೊಡಲು ರೈಲುನಿಲ್ದಾಣಕ್ಕೆ ಬಂದರು. ಇಷ್ಟೇಕೆ ಶ್ರಮವೆಂದುದಕ್ಕೆ, ರಾಮಕೃಷ್ಣರ ಶಿಷ್ಯನೊಬ್ಬನನ್ನು ಕಾಣುವ ಭಾಗ್ಯವು ದಿನವೂ ಬಾರದೆಂಬ ಅರ್ಥದ ಮಾತನ್ನಾಡಿದರು. ಭಾರತಕ್ಕೆ ಯಾವಾಗ ಬರುವಿರೆಂದು ಸ್ವಾಮಿಗಳು ಕೇಳಿದಾಗ ಆ ವೃದ್ಧರ ಮುಖವು ಬೆಳಗಿ ಕಣ್ಣು ತೇವವಾಯಿತೆಂದೂ, ಬಂದರೆ ತಾವು ಹಿಂದಿರುಗಲಾರೆವು, ದಹನವನ್ನು ಅಲ್ಲಿಯೇ ಮಾಡಬೇಕಾದೀತು ಎಂದು ಉತ್ತರ ಕೊಟ್ಟರೆಂದೂ ಸ್ವಾಮಿಗಳು ಬರೆದಿದ್ದಾರೆ. ಅದಾದ ನಾಲ್ಕು ವರ್ಷಗಳ ಮೇಲೆ, 1900ರಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿಯೇ ದೇಹವನ್ನು ಬಿಟ್ಟರು. ಹೋಲಿವೆಲ್ ಎಂಬ ಶ್ಮಶಾನದಲ್ಲಿ ಅವರ ಸಮಾಧಿಯಿದೆ.

ಓದಿನಿಂದ ಭಾರತವನ್ನು ಬಲ್ಲವರೆಂದು ಲೋಕವು ಎಣಿಸಿದ್ದವರಿಗೆ, ನೋಡಬೇಕೆಂಬ ತೃಷ್ಣೆಯು ಎಪ್ಪತ್ತೆರಡರಲ್ಲಿಯೂ ಆರಿರಲಿಲ್ಲ. ಅವರ ಕಣ್ಣೀರೇ ಎರಡನೆಯ ಪಕ್ಷಕ್ಕೆ ಉತ್ತರ. ತಿಳಿವು ನೋಟಕ್ಕೆ ಬದಲಾಗುವುದಿಲ್ಲ; ನೋಟದ ಹಸಿವನ್ನು ಹೆಚ್ಚಿಸುತ್ತದೆ. ಹಾಗೆಯೇ ವಿವೇಕಾನಂದರ ಆ ಹಗಲು ಮೊದಲನೆಯ ಪಕ್ಷಕ್ಕೂ ಉತ್ತರ. ಅವರು ಕಂಡ ಕಾಲೇಜುಗಳು ಕೆಲವೇ. ತಮ್ಮ ಬರಹದಲ್ಲಿ ಅವರು ವಿಸ್ತರಿಸಿದುದು ಕಟ್ಟಡಗಳನ್ನಲ್ಲ, ತಮಗೆ ಕಟ್ಟಡಗಳನ್ನು ತೋರಿಸಿದ ಒಬ್ಬ ಮನುಷ್ಯನನ್ನು. ಆ ದಿನದ ಫಲವು ಪಟ್ಟಿಯ ಉದ್ದದಿಂದ ಬಂದುದಲ್ಲ. ಹೋದವರಿಗೆ ತಾವು ಯಾರನ್ನು ಕಾಣಲು ಹೋಗುತ್ತಿರುವೆವೆಂದು ತಿಳಿದಿತ್ತು. ಬರಮಾಡಿಕೊಂಡವರಿಗೆ ಬಂದವರು ಯಾರೆಂದು ತಿಳಿದಿತ್ತು.

ಎಲ್ಲರಿಗೂ ಅಂತಹ ಆತಿಥ್ಯವು ದೊರೆಯಲಾರದೆಂಬುದು ನಿಜ. ಸಾಮಾನ್ಯನಾದ ಪ್ರಯಾಣಿಕನನ್ನು ಹೆಬ್ಬಾಗಿಲಲ್ಲಿ ಎದುರುಗೊಳ್ಳುವುದು ದ್ವಾರಪಾಲಕನ ಕೊಠಡಿ ಮತ್ತು ಪ್ರವೇಶದ ವೇಳೆಯ ಫಲಕ. ಪರೀಕ್ಷೆಗಳ ಕಾಲದಲ್ಲಿ ಅನೇಕ ಕಾಲೇಜುಗಳು ಬಾಗಿಲನ್ನು ಮುಚ್ಚುವುದುಂಟು. ಅಂಗಳದ ಹುಲ್ಲನ್ನು ತುಳಿಯಕೂಡದೆಂಬ ಕಟ್ಟಳೆಯೂ ಉಂಟು. ಹಣವನ್ನು ಕೊಟ್ಟು ಬಂದವನಿಗೆ ಇದು ಅಪಮಾನವೆಂದು ತೋರಬಹುದು. ಆದರೆ ಆ ಗೋಡೆಯಾಚೆ ಒಬ್ಬ ಹುಡುಗಿಯು ಮರುದಿನದ ಪರೀಕ್ಷೆಗೆ ಓದುತ್ತಿರಬಹುದು. ಆ ವಿದ್ಯಾಪೀಠವು ಸ್ತ್ರೀಯರಿಗೆ ಪದವಿಯನ್ನು ಕೊಡಲಾರಂಭಿಸಿದುದೇ 1920ರಲ್ಲಿ. ಕಾರ್ನೀಲಿಯಾ ಸೊರಾಬ್ಜಿ ಎಂಬ ಭಾರತೀಯ ಮಹಿಳೆಯು 1892ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯನ್ನು ಕೊಟ್ಟು, ಅದರ ಪದವಿಗಾಗಿ ಮೂವತ್ತು ವರ್ಷ ಕಾದು 1922ರಲ್ಲಿ ಪಡೆದಳು. ಮೂವತ್ತು ವರ್ಷ ಮುಚ್ಚಿದ್ದ ಬಾಗಿಲಿನ ಮುಂದೆ, ಒಂದು ಮಧ್ಯಾಹ್ನ ಮುಚ್ಚಿದ ಬಾಗಿಲಿಗಾಗಿ ಕೋಪಿಸಿಕೊಳ್ಳುವುದು ಅಷ್ಟೇನೂ ಗೌರವದ ಮಾತಲ್ಲ.

ಊರೆಂದರೆ ವಿದ್ಯಾಪೀಠವೊಂದೇ ಅಲ್ಲವೆಂಬುದನ್ನೂ ಅತಿಥ��ಯು ಮರೆಯಲಾಗದು. 1355ರ ಫೆಬ್ರುವರಿ 10ರಂದು ಕಾರ್‌ಫ್ಯಾಕ್ಸ್ ಎಂಬ ನಾಲ್ಕು ಬೀದಿಗಳ ಕೂಟದ ಬಳಿಯ ಪಾನಗೃಹದಲ್ಲಿ ಮದ್ಯದ ಗುಣವನ್ನು ಕುರಿತು ಹುಟ್ಟಿದ ಜಗಳವು ಊರಿನವರಿಗೂ ವಿದ್ಯಾರ್ಥಿಗಳಿಗೂ ಯುದ್ಧವಾಗಿ ಪರಿಣಮಿಸಿ ಹಲವರು ಸತ್ತರು. ಅದಕ್ಕೆ ಪ್ರಾಯಶ್ಚಿತ್ತವಾಗಿ ಊರಿನ ಮುಖ್ಯಾಧಿಕಾರಿಯು ವರ್ಷವರ್ಷವೂ ಕಾಣಿಕೆಯನ್ನೊಪ್ಪಿಸುವ ಪದ್ಧತಿಯು 1825ರವರೆಗೆ ನಡೆಯಿತು. ಊರಿನ ಕೌಲಿ ಎಂಬ ಭಾಗದಲ್ಲಿ 1913ರಿಂದ ಮೋಟಾರು ಗಾಡಿಗಳನ್ನು ಕಟ್ಟುತ್ತಾರೆ. ಕಾಲೇಜುಗಳ ಅಡಿಗೆಮನೆಗಳಲ್ಲಿಯೂ ಅಂಗಡಿಬೀದಿಗಳಲ್ಲಿಯೂ ದುಡಿಯುವವರಿಗೆ ಅದು ಪುಣ್ಯಕ್ಷೇತ್ರವಲ್ಲ, ಬಾಳುವ ಊರು. ಇಕ್ಕಟ್ಟಾದ ಕಾಲುದಾರಿಗೆ ಅಡ್ಡವಾಗಿ ನಿಂತು ಛಾಯಾಚಿತ್ರವನ್ನು ತೆಗೆಯುವವನು ಅವರ ಹಾದಿಯನ್ನು ಕಟ್ಟುತ್ತಾನೆ. ಅತಿಥಿಯು ಗೃಹಸ್ಥನಿಗೆ ಕೊಡಬೇಕಾದುದೇನೆಂಬ ಪ್ರಶ್ನೆಗೆ ಮೊದಲ ಉತ್ತರವು ಇಷ್ಟು ಸಣ್ಣದು: ದಾರಿ.

ಎರಡನೆಯ ಉತ್ತರವು ಸಿದ್ಧತೆ. ಹೋಗುವುದಕ್ಕೆ ಮೊದಲು ಕೇಳಿ ಓದಿ ತಿಳಿಯುವುದು ಶ್ರವಣ. ಬಂದ ಮೇಲೆ ಕಂಡುದನ್ನು ಮನಸ್ಸಿನಲ್ಲಿ ತಿರುವಿ ನೋಡುವುದು ಮನನ. ಇವೆರಡರ ನಡುವೆ ಆ ಒಂದು ಹಗಲು ಹೊಸ್ತಿಲ ಮೇಲಿನ ದೀಪದಂತೆ. ದೇಹಲೀದೀಪವು ತಾನಿರುವುದು ಅಂಗೈಯಗಲದ ಎಡೆಯಾದರೂ ಒಳಗನ್ನೂ ಹೊರಗನ್ನೂ ಬೆಳಗುತ್ತದೆ. ಒಂದು ದಿನದ ನೋಟವು ಹಿಂದಿನ ಓದಿಗೂ ಮುಂದಿನ ಚಿಂತನೆಗೂ ಬೆಳಕಾದರೆ ಅದನ್ನು ಅಲ್ಪವೆನ್ನಲಾಗದು. ಹಿಂದೆ ಓದಿಲ್ಲದೆ, ಮುಂದೆ ಚಿಂತಿಸದೆ, ನಡುವಣ ದಿನವನ್ನು ಮಾತ್ರ ಎಷ್ಟು ತುಂಬಿದರೂ ಬೆಳಗುವುದಕ್ಕೆ ಮನೆಯಿಲ್ಲದ ದೀಪವಾಗುವುದು.

ಮೂರನೆಯ ಉತ್ತರವು ಬಿಡುವಿಕೆ. ಕ್ರೈಸ್ಟ್ ಚರ್ಚ್ ಕಾಲೇಜಿನ ಗೋಪುರದಲ್ಲಿ ಗ್ರೇಟ್ ಟಾಮ್ ಎಂಬ ದೊಡ್ಡ ಗಂಟೆಯಿದೆ. ರೈಲು ಬರುವುದಕ್ಕೆ ಮೊದಲು ಪ್ರತಿಯೊಂದು ಊರೂ ತನ್ನ ಸೂರ್ಯನಿಗೆ ತಕ್ಕ ಹೊತ್ತನ್ನು ಹಿಡಿದಿತ್ತು. ಆಕ್ಸ್‌ಫರ್ಡಿನ ಹೊತ್ತು ಗ್ರೀನಿಚ್ಚಿಗಿಂತ ಐದು ನಿಮಿಷ ಹಿಂದೆ. ಹೊಸ ಕಾಲಮಾನವು ದೇಶಕ್ಕೆಲ್ಲ ಬಂದರೂ ಆ ಗಂಟೆಯು ಹಳೆಯ ಒಂಬತ್ತಕ್ಕೆ, ಎಂದರೆ ಈಗಿನ ಒಂಬತ್ತು ಗಂಟೆ ಐದು ನಿಮಿಷಕ್ಕೆ, ರಾತ್ರಿ ರಾತ್ರಿಯೂ 101 ಸಲ ಬಾರಿಸುತ್ತದೆ. ಮೂಲದ ನೂರು ಮಂದಿ ವಿದ್ಯಾರ್ಥಿಗಳಿಗೂ ಬಳಿಕ ಸೇರಿದ ಒಬ್ಬನಿಗೂ ಸೇರಿ ಆ ಎಣಿಕೆ. ಸಂಜೆಯ ರೈಲಿಗೆ ಹೊರಡುವವನಿಗೆ ಅದು ಕೇಳಿಸುವುದಿಲ್ಲ. ಆ ಊರಿನ ಹೊತ್ತು ಬೇರೆ, ತನ್ನ ಹೊತ್ತು ಬೇರೆ ಎಂಬುದನ್ನು ಒಪ್ಪಿಕೊಂಡವನಿಗೆ ಕೇಳದುದರ ದುಃಖವೂ ಇರುವುದಿಲ್ಲ.

ಆದುದರಿಂದ ಮಗನು ಬರೆದ ಪಟ್ಟಿಯು ಅರ್ಧಕ್ಕಿಂತ ಚಿಕ್ಕದಾದರೆ ಒಳ್ಳೆಯದು. ಬೆಳಗ್ಗೆ ಬಾಡ್ಲಿಯನ್ ಶಾಲೆ. ಅಲ್ಲಿಂದ ಬೀದಿಯ ಆ ಕಲ್ಲಿನ ಗುರುತು. ಹತ್ತಿರದಲ್ಲಿಯೇ 1883ರಲ್ಲಿ ಅಡಿಗಲ್ಲನ್ನಿಟ್ಟ ಹಳೆಯ ಇಂಡಿಯನ್ ಇನ್ಸ್ಟಿಟ್ಯೂಟಿನ ಕಟ್ಟಡ, ಅದರ ಬಾಗಿಲ ಬಳಿಯ ಸಂಸ್ಕೃತ ಶ್ಲೋಕಗಳ ಫಲಕ, ನೆತ್ತಿಯಲ್ಲಿ ಗಾಳಿಯ ದಿಕ್ಕನ್ನು ತೋರಿಸುವ ಆನೆ. ಮಧ್ಯಾಹ್ನ ಮರ್ಟನ್ನಿನ ತೊಟ್ಟಿ. ಸಾಧ್ಯವಾದರೆ ಹೋಲಿವೆಲ್ಲಿನ ಸಮಾಧಿ. ಉಳಿದ ಹೊತ್ತಿಗೆ ಕ್ರೈಸ್ಟ್ ಚರ್ಚಿನ ಹುಲ್ಲುಗಾವಲಿನಲ್ಲಿ, ಹೊಳೆಯ ಕಡೆಗೆ ಹೋಗುವ ಸಾಲುಮರಗಳ ದಾರಿಯಲ್ಲಿ, ಒಂದು ಮರದ ಬೆಂಚು. ತಾಯಿ ಕೇಳಿದ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ತಂದೆಯು ಕುಳಿತು, ತಾನು ಹುಡುಗನಾಗಿದ್ದಾಗ ಈ ಊರಿನ ಹೆಸರನ್ನು ಮೊದಲು ಯಾವ ಪುಸ್ತಕದ ಮುಖಪತ್ರದಲ್ಲಿ ಓದಿದೆನೆಂದು ಹೇಳುತ್ತಾನೆ. ಮಗನಿಗೆ ಅದು ಅಂದಿನವರೆಗೆ ತಿಳಿಯದ ವಿಷಯ. ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿದೆ, ನೋಡಬೇಕಾದುದು ಬಹಳವಿದೆ, ಯಾರೂ ಏಳುವುದಿಲ್ಲ.